ಕೋಳಿ ಆಹಾರ ಮನೆಯಲ್ಲೇ ಬೆರೆಸಿದರೆ ಉಳಿಯುವುದೆಷ್ಟು?

ಊರಿನಲ್ಲಿ ಎರಡೆಕರೆ ತೋಟವಿದೆ, ಬೇಸಿಗೆಯಲ್ಲೂ ಬತ್ತದ ಬಾವಿಯಿದೆ, ನೋಡಿಕೊಳ್ಳಲು ತಮ್ಮನೋ ಭಾವನೋ ಇದ್ದಾರೆ. ಇತ್ತ ಮುಂಬಯಿಯಲ್ಲೋ ಪುಣೆಯಲ್ಲೋ ಹೊಟೇಲಿಗೆ ದಿನ ಬೆಳಗಾದರೆ ಮೊಟ್ಟೆ ಬೇಕು, ಕೋಳಿ ಬೇಕು. ಹೀಗಿರುವಾಗ "ನಾವೇ ಯಾಕೆ ನಾಲ್ಕು ಕೋಳಿ ಸಾಕಬಾರದು?" ಎಂದು ಯೋಚಿಸದ ಮಾಂಸಾಹಾರಿ ಹೊಟೇಲಿಗರು ಕಡಿಮೆ. ಪಾಲ್ಘರ್, ಕರ್ಜತ್ ಕಡೆ ತುಂಡು ಜಾಗ ಮಾಡಿಕೊಂಡು ಶೆಡ್ ಹಾಕಿಸಿದವರೂ ನಮ್ಮಲ್ಲಿದ್ದಾರೆ. ಶೆಡ್ ಆಯಿತು, ಕೋಳಿ ಬಂತು, ಎರಡು ತಿಂಗಳು ಕಳೆಯಿತು ಎನ್ನುವಾಗ ಆಹಾರದ ಬಿಲ್ಲು ಕಣ್ಣಿಗೆ ಬೀಳುತ್ತದೆ. ಮೊಟ್ಟೆಕೋಳಿ ಸಾಕಣೆಯ ಖರ್ಚಿನಲ್ಲಿ ನೂರಕ್ಕೆ 65ರಿಂದ 70 ಪಾಲು ಆಹಾರದ್ದೇ. ಆಗ ಯಾರಾದರೊಬ್ಬರು ಸಲಹೆ ಕೊಡುತ್ತಾರೆ: "ಸಿದ್ಧ ಆಹಾರ ಯಾಕೆ ತರುತ್ತೀರಿ? ಮೆಕ್ಕೆಜೋಳ, ಹಿಂಡಿ, ತೌಡು ತಂದು ಮನೆಯಲ್ಲೇ ಬೆರೆಸಿ. ಕಿಲೋಗೆ ಏಳು ರೂಪಾಯಿ ಉಳಿಯುತ್ತದೆ."

ಈ ಏಳು ರೂಪಾಯಿ ನಿಜವಾಗಿಯೂ ಉಳಿಯುತ್ತದೆಯೇ? ಲೆಕ್ಕ ಹಾಕಿ ನೋಡೋಣ. ನಾವು ಒಂದು ಪ್ಲೇಟ್ ಇಡ್ಲಿಯ ಖರ್ಚು ತೆಗೆಯುವಾಗ ಅಕ್ಕಿ, ಉದ್ದಿನ ಬೆಲೆ ಮಾತ್ರ ಹಿಡಿಯುವುದಿಲ್ಲ. ಗ್ಯಾಸು, ಆಳಿನ ಸಂಬಳ, ಚಟ್ನಿ, ರಾತ್ರಿ ಉಳಿದು ಹೋದ ಹಿಟ್ಟು, ಎಲ್ಲವನ್ನೂ ಹಿಡಿಯುತ್ತೇವೆ. ಕೋಳಿ ಆಹಾರಕ್ಕೂ ಅದೇ ಕಣ್ಣು ಬೇಕು.

ಒಂದು ಕ್ವಿಂಟಾಲಿನ ಲೆಕ್ಕ

ಮೊಟ್ಟೆ ಇಡುವ ಕೋಳಿಗೆ ಆಹಾರದಲ್ಲಿ ಶೇಕಡಾ 16ರಿಂದ 18 ಪ್ರೋಟೀನು, ಶೇಕಡಾ 3ಕ್ಕೆ ಕಡಿಮೆಯಿಲ್ಲದಷ್ಟು ಸುಣ್ಣದಂಶ ಬೇಕು. ಒಂದು ಮೊಟ್ಟೆಯ ಚಿಪ್ಪಿನಲ್ಲೇ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಹೊರಗೆ ಹೋಗುತ್ತದೆ. ಮೆಕ್ಕೆಜೋಳ ಶಕ್ತಿ ಕೊಡುತ್ತದೆ, ಆದರೆ ಅದರಲ್ಲಿ ಪ್ರೋಟೀನು ಶೇಕಡಾ 8-9 ಮಾತ್ರ. ಸೋಯಾ ಹಿಂಡಿಯಲ್ಲಿ ಶೇಕಡಾ 45ರ ಆಸುಪಾಸು ಇದೆ. ಇವೆರಡನ್ನು ಹೊಂದಿಸುವುದೇ ಬೆರಕೆಯ ಮೂಲ. 100 ಕಿಲೋಗೆ ಒಂದು ಸಾಧಾರಣ ಬೆರಕೆ ಹೀಗಿರುತ್ತದೆ. ಇಲ್ಲಿ ಹಿಡಿದ ದರಗಳು ಲೆಕ್ಕದ ಅನುಕೂಲಕ್ಕೆ ಮಾತ್ರ. ಓದುಗರು ತಮ್ಮೂರಿನ ಇಂದಿನ ದರ ಹಾಕಿಕೊಳ್ಳಬೇಕು.

ಮೆಕ್ಕೆಜೋಳ 55 ಕಿಲೋ, ಕಿಲೋಗೆ 24ರಂತೆ: 1,320 ರೂ.
ಸೋಯಾ ಹಿಂಡಿ 22 ಕಿಲೋ, 45ರಂತೆ: 990 ರೂ.
ಎಣ್ಣೆ ತೆಗೆದ ತೌಡು 11.5 ಕಿಲೋ, 17ರಂತೆ: 195.50 ರೂ.
ಸುಣ್ಣಕಲ್ಲಿನ ಅಥವಾ ಚಿಪ್ಪಿನ ನುಚ್ಚು 9 ಕಿಲೋ, 6ರಂತೆ: 54 ರೂ.
ಡಿ.ಸಿ.ಪಿ. ಪುಡಿ 1.5 ಕಿಲೋ, 55ರಂತೆ: 82.50 ರೂ.
ಉಪ್ಪು, ವಿಟಮಿನ್-ಖನಿಜ ಪ್ರಿಮಿಕ್ಸ್, ಮಿಥಿಯೋನಿನ್ ಎಲ್ಲ ಸೇರಿ 1 ಕಿಲೋ: 250 ರೂ.
ಒಟ್ಟು: 2,892 ರೂ.

ಅಂದರೆ ಕಿಲೋಗೆ 29 ರೂಪಾಯಿಗೆ ಎಂಟು ಪೈಸೆ ಕಡಿಮೆ. ಸಿದ್ಧ ಆಹಾರ ಕಿಲೋಗೆ 36 ಎಂದು ಹಿಡಿದರೆ ಏಳು ರೂಪಾಯಿ ಉಳಿತಾಯ ಕಾಣುತ್ತದೆ. ಸಲಹೆ ಕೊಟ್ಟವರು ಸುಳ್ಳು ಹೇಳಲಿಲ್ಲ. ಅವರ ಲೆಕ್ಕ ಇಲ್ಲಿಗೇ ನಿಂತಿತು, ಅಷ್ಟೆ.

ಚೀಟಿಯಲ್ಲಿ ಬರೆಯದ ಖರ್ಚುಗಳು

ಮೆಕ್ಕೆಜೋಳವನ್ನು ಗಿರಣಿಗೆ ಹಾಕಿಸಬೇಕು. ಕಿಲೋಗೆ ಎರಡು ರೂಪಾಯಿ ಹಿಡಿದರೂ 110. ಪೇಟೆಯಿಂದ ಶೆಡ್ಡಿಗೆ ಸಾಗಾಟ, ಹಮಾಲಿ ಸೇರಿ 150. ತೂಗಿ ಬೆರೆಸಿ ಚೀಲ ತುಂಬಿಸುವ ಆಳಿನ ಹೊತ್ತಿಗೆ 150. ಕಸ, ಮಣ್ಣು, ತೇವ ಆರಿ ತೂಕ ಇಳಿಯುವುದು, ಇಲಿ ತಿನ್ನುವುದು, ಚೆಲ್ಲುವುದು ಇದಕ್ಕೆಲ್ಲ ನೂರಕ್ಕೆ ಎರಡರಂತೆ 58. ಇವೆಲ್ಲ ಸೇರಿ 468 ರೂಪಾಯಿ. ಈಗ ಕ್ವಿಂಟಾಲಿಗೆ 3,360, ಕಿಲೋಗೆ 33 ರೂಪಾಯಿ 60 ಪೈಸೆ. ಏಳು ರೂಪಾಯಿ ಉಳಿತಾಯ ಎರಡು ರೂಪಾಯಿ 40 ಪೈಸೆಗೆ ಇಳಿಯಿತು.

"ಆಳಿನ ಖರ್ಚು ಯಾಕೆ? ತಮ್ಮನೇ ಬೆರೆಸುತ್ತಾನೆ" ಎನ್ನುವವರಿದ್ದಾರೆ. ತಮ್ಮನ ಹೊತ್ತಿಗೂ ಬೆಲೆ ಕಟ್ಟದೆ ಇದ್ದರೆ ಅದು ಉಳಿತಾಯವಲ್ಲ, ತಮ್ಮನು ಕೊಡುತ್ತಿರುವ ಸಹಾಯಧನ. ಒಂದು ದಿನ ಅವನಿಗೆ ಬೇರೆ ಕೆಲಸ ಸಿಕ್ಕಿದಾಗ ಈ ಮಾತು ತಿಳಿಯುತ್ತದೆ.

ಕಿಲೋ ಲೆಕ್ಕ ಬಿಡಿ, ಮೊಟ್ಟೆ ಲೆಕ್ಕ ಹಿಡಿಯಿರಿ

ಒಂದು ಬಿಳಿ ಲೇಯರ್ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ನೂರು ಕೋಳಿಗೆ ದಿನಕ್ಕೆ 11 ಕಿಲೋ, ವರ್ಷಕ್ಕೆ 4,015 ಕಿಲೋ. ಕಿಲೋಗೆ 2.40ರಂತೆ ವರ್ಷದ ಉಳಿತಾಯ 9,636 ರೂಪಾಯಿ. ತಿಂಗಳಿಗೆ 800.

ಇನ್ನು ಮೊಟ್ಟೆಯ ಕಡೆ ನೋಡಿ. ನೂರು ಕೋಳಿಯಿಂದ ದಿನಕ್ಕೆ 80 ಮೊಟ್ಟೆ ಬರುತ್ತದೆ ಎಂದು ಹಿಡಿಯೋಣ. ಸಿದ್ಧ ಆಹಾರದಲ್ಲಿ ದಿನದ ಖರ್ಚು 396 ರೂಪಾಯಿ, ಒಂದು ಮೊಟ್ಟೆಗೆ 4.95. ಮನೆ ಬೆರಕೆಯಲ್ಲಿ ದಿನಕ್ಕೆ 369.60, ಮೊಟ್ಟೆಗೆ 4.62. ಇದು ಎಲ್ಲವೂ ಸರಿಯಾಗಿ ನಡೆದರೆ. ಬೆರಕೆ ಸ್ವಲ್ಪ ಹೆಚ್ಚುಕಡಿಮೆಯಾಗಿ ಮೊಟ್ಟೆ 80ರಿಂದ 75ಕ್ಕೆ ಇಳಿದರೆ? ಆಗ ಮೊಟ್ಟೆಗೆ 4.93. ಅಲ್ಲಿಗೆ ಉಳಿತಾಯ ಪೂರ್ತಿ ಹೋಯಿತು. 70ಕ್ಕೆ ಇಳಿದರೆ 5.28, ಕೈಯಿಂದ ನಷ್ಟ. ಮೊಟ್ಟೆಗೆ ಆರು ರೂಪಾಯಿಯಂತೆ ದಿನಕ್ಕೆ ಐದು ಮೊಟ್ಟೆ ಎಂದರೆ ವರ್ಷಕ್ಕೆ 10,950 ರೂಪಾಯಿ. ಉಳಿಸಿದ್ದು 9,636.

ಇಡೀ ವಿಷಯದ ಸಾರ ಇದೇ. ನೂರು ಕೋಳಿ ಸಾಕುವವನಿಗೆ ಮನೆ ಬೆರಕೆಯ ಲಾಭವೆಲ್ಲ ದಿನಕ್ಕೆ ನಾಲ್ಕೂವರೆ ಮೊಟ್ಟೆಯೊಳಗೆ ಅಡಗಿದೆ. ದಿನಕ್ಕೆ ಐದು ಮೊಟ್ಟೆ ಕಡಿಮೆಯಾದದ್ದು ಪುಸ್ತಕದಲ್ಲಿ ಬರೆದಿಡದವನಿಗೆ ಗೊತ್ತೇ ಆಗುವುದಿಲ್ಲ. "ಈ ಸಲ ಬಿಸಿಲು ಜೋರು", "ಕೋಳಿಗೆ ವಯಸ್ಸಾಯಿತು" ಎಂದು ಸಮಾಧಾನ ಮಾಡಿಕೊಳ್ಳುತ್ತಾನೆ. ಚೀಲದ ದುಡ್ಡು ಉಳಿದದ್ದು ಮಾತ್ರ ಕಣ್ಣಿಗೆ ಕಾಣುತ್ತದೆ.

ಬೆರಕೆ ಎಲ್ಲಿ ತಪ್ಪುತ್ತದೆ?

ಮೊದಲನೆಯದು, ಸಣ್ಣ ತೂಕದ ವಸ್ತುಗಳು. ನೂರು ಕಿಲೋದಲ್ಲಿ ಉಪ್ಪು 300-350 ಗ್ರಾಂ ಮಾತ್ರ, ಪ್ರಿಮಿಕ್ಸ್ ಮತ್ತು ಮಿಥಿಯೋನಿನ್ ಇನ್ನೂ ಕೆಲವು ನೂರು ಗ್ರಾಂ. ಇದನ್ನು ರಾಶಿಯ ಮೇಲೆ ಚೆಲ್ಲಿ ಸಲಿಕೆಯಲ್ಲಿ ತಿರುವಿದರೆ ಒಂದು ಕೋಳಿಗೆ ಉಪ್ಪೇ ಉಪ್ಪು, ಇನ್ನೊಂದಕ್ಕೆ ಏನೂ ಇಲ್ಲ. ಉಪ್ಪು ಹೆಚ್ಚಾದರೆ ಕೋಳಿ ನೀರು ಕುಡಿದು ಕುಡಿದು ಹಿಕ್ಕೆ ನೀರಾಗುತ್ತದೆ, ವಿಪರೀತವಾದರೆ ಸಾಯುತ್ತದೆ. ಸರಿಯಾದ ಕ್ರಮ ನಮ್ಮ ಅಡುಗೆ ಭಟ್ಟರಿಗೆ ಗೊತ್ತಿರುವಂಥದೇ. ಸಣ್ಣ ವಸ್ತುಗಳನ್ನು ಮೊದಲು ಒಂದು ಕಿಲೋ ಜೋಳದ ಹಿಟ್ಟಿನಲ್ಲಿ, ಅದನ್ನು ಐದು ಕಿಲೋದಲ್ಲಿ, ಆಮೇಲೆ ಇಡೀ ರಾಶಿಯಲ್ಲಿ ಬೆರೆಸಬೇಕು. ಕೈಯಲ್ಲಿ ತಿರುಗಿಸುವ ಡ್ರಮ್ಮು ಇದ್ದರೆ ಒಳ್ಳೆಯದು. ಡಿಜಿಟಲ್ ತಕ್ಕಡಿ ಬೇಕೇ ಬೇಕು. 'ಒಂದು ಹಿಡಿ' ಎಂಬ ಅಳತೆ ಇಲ್ಲಿ ನಡೆಯುವುದಿಲ್ಲ.

ಎರಡನೆಯದು, ದುಬಾರಿ ವಸ್ತುವನ್ನು ಬಿಡುವ ಆಸೆ. 250 ರೂಪಾಯಿಯ ಪ್ರಿಮಿಕ್ಸ್ ಬಿಟ್ಟರೆ ಕಿಲೋಗೆ ಎರಡೂವರೆ ರೂಪಾಯಿ ಇನ್ನೂ ಉಳಿಯುತ್ತದಲ್ಲ ಎಂದು ತೋರುತ್ತದೆ. ಸೋಯಾದಲ್ಲಿ ಮಿಥಿಯೋನಿನ್ ಎಂಬ ಅಂಶ ಕಡಿಮೆ. ಅದನ್ನು ಹೊರಗಿನಿಂದ ಹಾಕದಿದ್ದರೆ ಮೊಟ್ಟೆಯ ಗಾತ್ರ, ಸಂಖ್ಯೆ ಎರಡೂ ಇಳಿಯುತ್ತವೆ. ಸುಣ್ಣ ಕಡಿಮೆಯಾದರೆ ಚಿಪ್ಪು ತೆಳ್ಳಗಾಗಿ ಟ್ರೇಯಲ್ಲೇ ಒಡೆಯುತ್ತದೆ. ಹಿಂಡಿಯ ಬದಲು ಹಸಿ ಸೋಯಾಕಾಳನ್ನೇ ಬೀಸಿ ಹಾಕುವವರೂ ಇದ್ದಾರೆ. ಹಸಿ ಸೋಯಾದಲ್ಲಿ ಪ್ರೋಟೀನು ಜೀರ್ಣವಾಗದಂತೆ ತಡೆಯುವ ಅಂಶವಿದೆ. ಹುರಿಯದೆ ಅಥವಾ ಬೇಯಿಸದೆ ಕೊಡಬಾರದು.

ಮೂರನೆಯದು, ವಯಸ್ಸು. ಮರಿಗೆ ಬೇರೆ, ಬೆಳೆಯುವ ಕೋಳಿಗೆ ಬೇರೆ, ಮೊಟ್ಟೆ ಇಡುವ ಕೋಳಿಗೆ ಬೇರೆ ಬೆರಕೆ ಬೇಕು. ಮೇಲೆ ಹೇಳಿದ ಸುಣ್ಣ ಹೆಚ್ಚಿರುವ ಆಹಾರವನ್ನು ಮರಿಗಳಿಗೆ ಕೊಟ್ಟರೆ ಮೂತ್ರಪಿಂಡ ಕೆಡುತ್ತದೆ. ಮೊಟ್ಟೆ ಶುರುವಾಗುವುದು 18ರಿಂದ 20ನೇ ವಾರಕ್ಕೆ. ಅಷ್ಟರೊಳಗೆ ಒಂದು ಕೋಳಿ ಸುಮಾರು 6 ಕಿಲೋ ತಿಂದಿರುತ್ತದೆ, ಒಂದು ಮೊಟ್ಟೆಯನ್ನೂ ಕೊಟ್ಟಿರುವುದಿಲ್ಲ. ಈ ಖರ್ಚನ್ನೂ ಮೊಟ್ಟೆಯ ಲೆಕ್ಕಕ್ಕೆ ಸೇರಿಸಬೇಕು.

ಬೂಷ್ಟು ಎಂಬ ಕಾಣದ ಶತ್ರು

ಊರಿನ ಮಳೆಗಾಲ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಪ್ಪಳವೇ ಮೆತ್ತಗಾಗುವ ಕರಾವಳಿಯಲ್ಲಿ ಜೋಳ, ಹಿಂಡಿ ಚೀಲದಲ್ಲಿ ಒಣಗಿ ಉಳಿಯುವುದು ಕಷ್ಟ. ತೇವ ಸೇರಿದ ಜೋಳ ಮತ್ತು ಶೇಂಗಾ ಹಿಂಡಿಯಲ್ಲಿ ಬೆಳೆಯುವ ಒಂದು ಜಾತಿಯ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕಿದಾಗ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ ಶೇಂಗಾ ಹಿಂಡಿ. ಈ ವಿಷ ಪತ್ತೆಯಾದದ್ದೇ ಆ ಪ್ರಕರಣದಿಂದ.

ಬೂಷ್ಟು ಹಿಡಿದ ಚೀಲವನ್ನು ಬಿಸಿಲಿಗೆ ಹಾಕಿ ಕೊಡವಿದರೆ ಬೂಷ್ಟು ಹೋಗಬಹುದು, ವಿಷ ಹೋಗುವುದಿಲ್ಲ. ಕಾಯಿಸಿದರೂ ಪೂರ್ತಿ ಹೋಗುವುದಿಲ್ಲ. ಕೋಳಿಯ ಪಿತ್ತಜನಕಾಂಗ ಕೆಟ್ಟು ಮೊಟ್ಟೆ ಇಳಿಯುತ್ತದೆ, ಬೇರೆ ರೋಗಗಳು ಬೇಗ ಹಿಡಿಯುತ್ತವೆ. ಆದ್ದರಿಂದ ಜೋಳ ಕೊಳ್ಳುವಾಗ ತೇವ ಶೇಕಡಾ 12ರ ಆಸುಪಾಸಿಗಿಂತ ಹೆಚ್ಚಿರಬಾರದು. ಚೀಲವನ್ನು ನೆಲಕ್ಕೆ, ಗೋಡೆಗೆ ತಾಗಿಸದೆ ಮರದ ಹಲಗೆಯ ಮೇಲೆ ಇಡಬೇಕು. ಮಳೆಗಾಲದಲ್ಲಿ ಒಂದು ವಾರಕ್ಕೆ ಬೇಕಾದಷ್ಟೇ ಬೆರೆಸಬೇಕು. ಬೂಷ್ಟು ಬಂದ ಚೀಲವನ್ನು ಹೊಟ್ಟೆ ಉರಿದರೂ ಎಸೆಯಬೇಕು.

ಹೊಟೇಲಿನ ಉಳಿಕೆ ಕೊಟ್ಟರಾಗದೇ?

ನಮ್ಮವರು ಕೇಳುವ ಮೊದಲ ಪ್ರಶ್ನೆ ಇದೇ. ರಾತ್ರಿ ಉಳಿದ ಅನ್ನ, ಚಪಾತಿ, ತರಕಾರಿ ಸಿಪ್ಪೆ ಹೇಗೂ ಹೊರಗೆ ಹೋಗುತ್ತದೆ. ನಾಲ್ಕು ಊರ ಕೋಳಿಗೆ ಇದು ನಡೆಯುತ್ತದೆ, ನೂರು ಲೇಯರಿಗೆ ನಡೆಯುವುದಿಲ್ಲ. ಅನ್ನದಲ್ಲಿ ಪಿಷ್ಟ ಬಿಟ್ಟರೆ ಪ್ರೋಟೀನು, ಸುಣ್ಣ ಇಲ್ಲವೆನ್ನುವಷ್ಟು ಕಡಿಮೆ. ಅನ್ನದಿಂದ ಹೊಟ್ಟೆ ತುಂಬಿದ ಕೋಳಿ ಒಳ್ಳೆಯ ಆಹಾರವನ್ನು ಬಿಡುತ್ತದೆ. ಸಾಂಬಾರು, ಪಲ್ಯ ಬೆರೆತ ಉಳಿಕೆಯಲ್ಲಿ ಉಪ್ಪು, ಎಣ್ಣೆ, ಖಾರ ಹೆಚ್ಚು. ಮಧ್ಯಾಹ್ನದೊಳಗೆ ಹುಳಿ ಬರುತ್ತದೆ. ಮಾಂಸ, ಎಲುಬು, ಕೋಳಿ ಸುಲಿದ ಕಸವನ್ನಂತೂ ಶೆಡ್ಡಿನ ಹತ್ತಿರಕ್ಕೂ ಒಯ್ಯಬಾರದು. ಎಲ್ಲೆಲ್ಲಿಂದಲೋ ಬಂದ ಕೋಳಿಯ ರೋಗವನ್ನು ನಾವೇ ಬುಟ್ಟಿಯಲ್ಲಿ ಹೊತ್ತು ಮನೆಗೆ ತಂದಂತೆ. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ನವಾಪುರದಲ್ಲಿ ದೇಶದ ಮೊದಲ ಹಕ್ಕಿಜ್ವರ ಕಾಣಿಸಿಕೊಂಡಾಗ ಹೊಟೇಲುಗಳಲ್ಲಿ ಚಿಕನ್ ಕೇಳುವವರಿಲ್ಲದ ದಿನಗಳನ್ನು ಹಿರಿಯ ಸದಸ್ಯರು ಮರೆತಿರಲಾರರು.

ಉಪಯೋಗಕ್ಕೆ ಬರುವ ಒಂದು ವಸ್ತುವಿದೆ: ಮೊಟ್ಟೆಯ ಚಿಪ್ಪು. ದಿನಕ್ಕೆ 300 ಮೊಟ್ಟೆ ಒಡೆಯುವ ಹೊಟೇಲಿನಲ್ಲಿ ಒಂದೂವರೆ ಕಿಲೋಗೂ ಹೆಚ್ಚು ಚಿಪ್ಪು ಸಿಗುತ್ತದೆ. ಅದು ಹೆಚ್ಚುಕಡಿಮೆ ಪೂರ್ತಿ ಸುಣ್ಣವೇ. ಆದರೆ ಹಸಿಯಾಗಿ ಕೊಡಬಾರದು. ಚೆನ್ನಾಗಿ ಕುದಿಸಿ, ಒಣಗಿಸಿ, ನುಚ್ಚು ಮಾಡಿ ಬೆರೆಸಬೇಕು. ಇಷ್ಟು ಮಾಡಿದರೂ ಉಳಿಯುವುದು ಆಹಾರದ ಅತಿ ಅಗ್ಗದ ವಸ್ತುವಿನ ಖರ್ಚು ಎಂಬುದು ನೆನಪಿರಲಿ.

ಮಲ್ಪೆ, ಉಳ್ಳಾಲದ ಕಡೆಯವರು ಒಣಮೀನಿನ ಪುಡಿಯ ಮಾತೆತ್ತುತ್ತಾರೆ. ಪ್ರೋಟೀನಿಗೆ ಅದು ಒಳ್ಳೆಯದೇ. ಆದರೆ ಬೀಚಿನಲ್ಲಿ ಒಣಗಿಸಿದ ಮೀನಿನಲ್ಲಿ ಮರಳು, ಉಪ್ಪು ಎಷ್ಟಿದೆ ಎಂದು ನೋಡಿ ಕೊಳ್ಳಬೇಕು. ಪ್ರಮಾಣ ಹೆಚ್ಚಾದರೆ ಮೊಟ್ಟೆಗೂ ಮೀನಿನ ವಾಸನೆ ಬರುತ್ತದೆ. ಗಿರಾಕಿ ಆಮ್ಲೆಟ್ ತಟ್ಟೆ ಹಿಂದೆ ತಳ್ಳಿದಾಗ ಹಿಂಡಿಯಲ್ಲಿ ಉಳಿಸಿದ ದುಡ್ಡು ನೆರವಿಗೆ ಬರುವುದಿಲ್ಲ.

ಪೇಟೆಯ ಏರಿಳಿತ ನಮ್ಮ ತಲೆಯ ಮೇಲೆ

ಸಿದ್ಧ ಆಹಾರ ಕೊಳ್ಳುವವನಿಗೆ ಒಂದೇ ದರ. ಬೆರೆಸುವವನಿಗೆ ಆರು ದರ. 2021ರಲ್ಲಿ ಸೋಯಾ ಬೆಲೆ ಆಕಾಶಕ್ಕೇರಿ, ಕೋಳಿ ಸಾಕುವವರು ಕಂಗಾಲಾದಾಗ ಕೇಂದ್ರ ಸರಕಾರ ಆ ವರ್ಷದ ಆಗಸ್ಟ್‌ನಲ್ಲಿ 12 ಲಕ್ಷ ಟನ್ ಸೋಯಾ ಹಿಂಡಿ ಆಮದಿಗೆ ಅನುಮತಿ ಕೊಡಬೇಕಾಯಿತು. ಮೆಕ್ಕೆಜೋಳವೂ ಈಗ ಕೋಳಿಗೆ ಮಾತ್ರ ಮೀಸಲಲ್ಲ, ಎಥೆನಾಲ್ ಕಾರ್ಖಾನೆಗಳೂ ಕೊಳ್ಳುತ್ತಿವೆ. 2025-26ರ ಹಂಗಾಮಿಗೆ ಸರಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಪೇಟೆ ದರ ಅದಕ್ಕಿಂತ ಮೇಲೂ ಹೋಗುತ್ತದೆ, ಕೆಳಗೂ ಬೀಳುತ್ತದೆ. ದಾವಣಗೆರೆ, ಹಾವೇರಿ ಕಡೆ ಮುಂಗಾರು ಬೆಳೆ ಪೇಟೆಗೆ ಬರುವ ಅಕ್ಟೋಬರ್-ಡಿಸೆಂಬರ್ ತಿಂಗಳಲ್ಲಿ ಚೆನ್ನಾಗಿ ಒಣಗಿದ ಜೋಳ ಕೊಂಡಿಡಬಲ್ಲವನಿಗೆ ಲಾಭವಿದೆ. ಅದಕ್ಕೆ ಕೈಯಲ್ಲಿ ದುಡ್ಡು, ಒಣ ಗೋದಾಮು ಎರಡೂ ಬೇಕು.

ಹೊಟೇಲಿಗೆ ಬರುವ ಮೊಟ್ಟೆಯ ದರದ ಕಡೆಯೂ ಒಮ್ಮೆ ನೋಡಿ. 1982ರಲ್ಲಿ ಬಿ. ವಿ. ರಾವ್ ಅವರ ಮುಂದಾಳುತನದಲ್ಲಿ ಹುಟ್ಟಿದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದಿನವೂ ಊರೂರಿನ ದರ ಪ್ರಕಟಿಸುತ್ತದೆ. ನಾಮಕ್ಕಲ್, ಹೊಸಪೇಟೆ, ಹೈದರಾಬಾದ್ ಕಡೆಯ ದೊಡ್ಡ ಫಾರ್ಮಿನವರೂ ಆಹಾರವನ್ನು ತಾವೇ ಬೆರೆಸಿಕೊಳ್ಳುತ್ತಾರೆ. ಆದರೆ ಅವರು ಜೋಳವನ್ನು ಲಾರಿ ಲೆಕ್ಕದಲ್ಲಿ ತರುತ್ತಾರೆ, ಯಂತ್ರದಲ್ಲಿ ಬೆರೆಸುತ್ತಾರೆ, ಪ್ರತಿ ಲೋಡನ್ನೂ ಪರೀಕ್ಷೆ ಮಾಡಿಸುತ್ತಾರೆ. ನೂರು ಕೋಳಿಯ ಶೆಡ್ಡು ಅವರೊಡನೆ ದರದಲ್ಲಿ ಪೈಪೋಟಿ ಮಾಡಲಾರದು. ಆಹಾರಕ್ಕೇ ಮೊಟ್ಟೆಗೆ 4.95 ಬಿದ್ದರೆ, ಆಹಾರ ನೂರಕ್ಕೆ 70 ಪಾಲು ಎಂಬ ಲೆಕ್ಕದಲ್ಲಿ ಮರಿ, ಶೆಡ್ಡು, ಔಷಧಿ, ಕರೆಂಟು ಸೇರಿ ಒಂದು ಮೊಟ್ಟೆ ಏಳು ರೂಪಾಯಿ ದಾಟುತ್ತದೆ. ದಿನಕ್ಕೆ ಹತ್ತು ಟ್ರೇ ಬೇಕಾದ ಹೊಟೇಲಿಗೆ ಕನಿಷ್ಠ 375 ಕೋಳಿ, ದಿನಕ್ಕೆ 41 ಕಿಲೋ ಆಹಾರ ಬೇಕು. ಒಂದು ತಂಡ ಮುದಿಯಾಗಿ ಇನ್ನೊಂದು ಶುರುವಾಗುವ ನಡುವಿನ ಖಾಲಿ ತಿಂಗಳುಗಳಲ್ಲಿ ಮತ್ತೆ ಪೇಟೆ ಮೊಟ್ಟೆಯೇ ಗತಿ.

ಹಾಗಾದರೆ ಯಾರಿಗೆ ಲಾಭ?

ಮನೆ ಬೆರಕೆ ಬೇಡವೇ ಬೇಡ ಎನ್ನುವುದು ಈ ಲೇಖನದ ಉದ್ದೇಶವಲ್ಲ. ಮೂರು ಬಗೆಯವರಿಗೆ ಅದು ಹೊಂದುತ್ತದೆ.

ಒಂದು, ತೋಟದಲ್ಲಿ ಬಿಟ್ಟು ಸಾಕುವವರು. ಊರ ಕೋಳಿ, ಬೆಂಗಳೂರು ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರ, ಹೈದರಾಬಾದಿನ ರಾಜೇಂದ್ರನಗರದ ವನರಾಜ, ಗ್ರಾಮಪ್ರಿಯ ಮೊದಲಾದ ಕೋಳಿಗಳು ಹುಳು, ಸೊಪ್ಪು, ಬಿದ್ದ ಕಾಳು ಹೆಕ್ಕಿ ಹೊಟ್ಟೆಯ ಒಂದು ಪಾಲು ತುಂಬಿಸಿಕೊಳ್ಳುತ್ತವೆ. ಇವಕ್ಕೆ ಸಂಜೆ ಜೋಳದ ನುಚ್ಚು, ತೌಡು, ಸ್ವಲ್ಪ ಹಿಂಡಿ, ಚಿಪ್ಪಿನ ನುಚ್ಚು ಕೊಟ್ಟರೆ ಸಾಕಾಗುತ್ತದೆ. ಗ್ರಾಂ ಲೆಕ್ಕದ ಕಟ್ಟುನಿಟ್ಟು ಅಷ್ಟಿಲ್ಲ. ನಾಟಿಕೋಳಿ ಸಾರಿಗೆ, ಕೋರಿ ರೊಟ್ಟಿಗೆ ನಮ್ಮ ಗಿರಾಕಿ ಹೆಚ್ಚು ದುಡ್ಡು ಕೊಡಲು ತಯಾರಿದ್ದಾನೆ. ಪೇಟೆಯ ಬಿಳಿ ಮೊಟ್ಟೆಯೊಡನೆ ದರದ ಜಗಳಕ್ಕೆ ಇಳಿಯಬೇಕಾಗಿಲ್ಲ.

ಎರಡು, ಜೋಳ ಅಥವಾ ಅಕ್ಕಿ ನುಚ್ಚು, ತೌಡು ತಮ್ಮ ಗದ್ದೆಯಲ್ಲೋ ಮಿಲ್ಲಿನಲ್ಲೋ ಸಿಗುವವರು. ಇವರಿಗೆ ನಡುದಾರಿಯೊಂದಿದೆ. ಹಿಂಡಿ, ಡಿ.ಸಿ.ಪಿ., ಪ್ರಿಮಿಕ್ಸ್ ಎಲ್ಲ ಕಾರ್ಖಾನೆಯಲ್ಲೇ ಬೆರೆತ ಕಾನ್ಸಂಟ್ರೇಟ್ ಚೀಲ ಸಿಗುತ್ತದೆ. ಅದಕ್ಕೆ ಚೀಲದ ಮೇಲೆ ಬರೆದ ಪ್ರಮಾಣದಲ್ಲಿ ಮನೆಯ ಜೋಳ, ತೌಡು, ಹೇಳಿದ್ದರೆ ಸುಣ್ಣದ ನುಚ್ಚು ಸೇರಿಸಿದರಾಯಿತು. ತಪ್ಪುವ ಸಣ್ಣ ತೂಕದ ಕೆಲಸ ಕಾರ್ಖಾನೆಯದು, ಉಳಿಯುವ ದೊಡ್ಡ ತೂಕದ ಕೆಲಸ ನಮ್ಮದು. ಹೊಸದಾಗಿ ಬೆರೆಸಲು ಹೊರಟವರಿಗೆ ಇದೇ ಕ್ಷೇಮ.

ಮೂರು, ಒಂದೇ ಊರಿನ ನಾಲ್ಕೈದು ಜನ ಕೂಡಿ ಸಾವಿರಾರು ಕೋಳಿಗೆ ಒಟ್ಟಿಗೆ ಬೆರೆಸುವವರು. ಲೋಡಿನ ದರದಲ್ಲಿ ಜೋಳ, ಒಂದು ಸಣ್ಣ ಗಿರಣಿ, ಒಂದು ಮಿಕ್ಸರು, ಜವಾಬ್ದಾರಿಯ ಒಬ್ಬ ಆಳು. ಆಗ 468 ರೂಪಾಯಿಯ ಮೇಲುಖರ್ಚು ಗಣನೀಯವಾಗಿ ಇಳಿಯುತ್ತದೆ. ಹೊಟೇಲಿನ ಸಾಮಾನನ್ನು ಕೂಡಿ ಕೊಳ್ಳುವುದು ನಮಗೆ ಹೊಸತೂ ಅಲ್ಲ.

ಶುರು ಮಾಡುವ ಮುಂಚೆ

ಮೊದಲು ಒಂದು ತಿಂಗಳು ಸಿದ್ಧ ಆಹಾರವನ್ನೇ ಕೊಟ್ಟು ದಿನದ ಮೊಟ್ಟೆ, ದಿನದ ಆಹಾರ ಎರಡನ್ನೂ ಪುಸ್ತಕದಲ್ಲಿ ಬರೆಯಿಸಿ. ಆಮೇಲೆ ಅರ್ಧ ಕೋಳಿಗೆ ಮಾತ್ರ ಮನೆ ಬೆರಕೆ ಕೊಡಿ. ಅದನ್ನೂ ಏಕಾಏಕಿ ಬದಲಿಸದೆ ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಎರಡು ತಿಂಗಳು ಎರಡೂ ಗುಂಪಿನ ಲೆಕ್ಕ ಬೇರೆಬೇರೆ ಇಡಿ. ಸೂತ್ರವನ್ನು ಹತ್ತಿರದ ಪಶುವೈದ್ಯರಿಗೆ ಅಥವಾ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ. ಆಹಾರದಲ್ಲಿ ಔಷಧಿ ಬೆರೆಸುವುದನ್ನು ವೈದ್ಯರು ಹೇಳದೆ ಮಾಡಬೇಡಿ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕನ್ನು ಆಹಾರದ ಪ್ರಾಣಿಗಳಿಗೆ ಕೊಡುವುದನ್ನು ಸರಕಾರ 2019ರಲ್ಲೇ ನಿಷೇಧಿಸಿದೆ. ಶೆಡ್ಡಿನಲ್ಲಿ ಕೊಟ್ಟದ್ದು ಕೊನೆಗೆ ಬಂದು ಸೇರುವುದು ನಮ್ಮದೇ ಹೊಟೇಲಿನ ತಟ್ಟೆಗೆ.

ಎರಡು ತಿಂಗಳ ಕೊನೆಗೆ ಒಂದೇ ಪ್ರಶ್ನೆ ಕೇಳಿ: ಒಂದು ಮೊಟ್ಟೆಗೆ ಆಹಾರದ ಖರ್ಚು ಎಷ್ಟು ಬಿತ್ತು? ಮನೆ ಬೆರಕೆಯ ಗುಂಪಿನಲ್ಲಿ ಅದು ಕಡಿಮೆ ಬಂದಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಇಲ್ಲವಾದರೆ ಚೀಲ ತರಿಸಿಕೊಳ್ಳಿ, ಅದರಲ್ಲಿ ನಾಚಿಕೆಯಿಲ್ಲ. ಊರಿನ ತಮ್ಮ ಫೋನಿನಲ್ಲಿ "ಈ ತಿಂಗಳು ಆಹಾರದಲ್ಲಿ ಎರಡು ಸಾವಿರ ಉಳಿಯಿತು" ಎಂದಾಗ ಸಂತೋಷಪಡುವ ಮುಂಚೆ "ಮೊಟ್ಟೆ ಎಷ್ಟು ಬಂತು?" ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ.